ಒಂದು ಹೆರಿಗೆ, ಆರು ಥರದ ಸಂಬಳ

ಹೋದ ಭಾನುವಾರ ಚಿಕ್ಕಮ್ಮ ಬಂದಿದ್ರು. ಕೈಯಲ್ಲಿ ಎಂದಿನ ಹಾಗೆ ಬಟ್ಟೆ ಅಂಗಡಿ ಕವರ್ರು, ಅದರೊಳಗೆ ಡೈರಿ, ನಾಲ್ಕೈದು ಜೆರಾಕ್ಸು, ಮೂಲೆ ಮಡಿಚಿರೋ ಒಂದು ತಾಯಿ ಕಾರ್ಡು. ಬೇಲೂರು ಕಡೆ ಒಂದು ಹಳ್ಳೀಲಿ ಅವರು ಆಶಾ ಕಾರ್ಯಕರ್ತೆ. ನಾನು ಇದೇ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆ ಆಫೀಸಲ್ಲಿ ಎಫ್‌ಡಿಎ, ಅಂದ್ರೆ ಪ್ರಥಮ ದರ್ಜೆ ಸಹಾಯಕಿ, ಸಂಬಳದ ಬಿಲ್ಲು ನನ್ನ ಟೇಬಲ್ಲಿಗೇ ಬರೋದು. ಯಾವ ಆಸ್ಪತ್ರೆ ಅಂತ ಹೇಳಲ್ಲ, ನಡತೆ ನಿಯಮ ಅಂತ ಒಂದಿದೆ ಗೊತ್ತಲ್ಲ. ಚಿಕ್ಕಮ್ಮನ ಲೆಕ್ಕ ನನ್ನ ಟೇಬಲ್ಲಿಗೆ ಬರಲ್ಲ, ಅದರ ದಾರಿನೇ ಬೇರೆ, ಆದ್ರೂ ತಿಂಗಳಿಗೊಂದು ಸಲ ಇಬ್ಬರೂ ಅಡುಗೆಮನೇಲಿ ಕಾಲು ಚಾಚ್ಕೊಂಡು ಕೂತು ಕಾಫಿ ಕುಡೀತಾ ಕೂಡಿ ಕಳೀತೀವಿ, ಯಾಕಂದ್ರೆ ಅಕೌಂಟಿಗೆ ದುಡ್ಡು ಬಿದ್ದಾಗ ಅದು ಯಾವ ಬಾಬ್ತು ಅಂತ ಬ್ಯಾಂಕ್ ಮೆಸೇಜಲ್ಲಿ ಇರಲ್ಲ.

"ಪುಟ್ಟಿ, ಆ ಅಸ್ಸಾಂ ಹುಡುಗಿದು ಬಂದಿಲ್ಲ ಕಣೇ" ಅಂದ್ರು. ಆ ಹುಡುಗಿ ಹೆರಿಗೆಗೆ ಚಿಕ್ಕಮ್ಮನಿಗೆ ಬರಬೇಕಾದ ದುಡ್ಡಿನ ಮಾತು.

ಆ ಹೆರಿಗೆ ಆಗಿದ್ದು ನಮ್ಮ ಆಸ್ಪತ್ರೇಲೇ. ಕಾಫಿ ತೋಟದ ಲೈನ್ ಮನೇಲಿ ಇರೋ ಹುಡುಗಿ, ಇಪ್ಪತ್ತು ವರ್ಷ ಇರಬಹುದು, ಗಂಡ ಹೆಂಡತಿ ಇಬ್ಬರೂ ಅಸ್ಸಾಂನಿಂದ ಬಂದೋರು. ರಾತ್ರಿ ಹನ್ನೊಂದಕ್ಕೆ ನೋವು ಶುರುವಾಗಿ, ಆನೆ ಸುಳಿವು ಕೊಡೋ ವಾಟ್ಸಾಪ್ ಗ್ರೂಪಲ್ಲಿ ಅದೇ ರಸ್ತೇಲಿ ಆನೆ ಇದೆ ಅಂತ ಮೆಸೇಜ್ ಬಂದು, ಅದು ದಾಟೋವರೆಗೂ ಗಾಡಿ ನಿಲ್ಲಿಸ್ಕೊಂಡು, ಅಂತೂ ಆಸ್ಪತ್ರೆ ಮುಟ್ಟಿದಾಗ ಒಂದೂವರೆ. ಮೂರು ಗಂಟೆಗೆ ಸಿಸೇರಿಯನ್ನು. ನಾನು ಇರಲಿಲ್ಲ ಬಿಡಿ, ಬೆಳಿಗ್ಗೆ ಹತ್ತಕ್ಕೆ ಆಫೀಸಿಗೆ ಹೋದಾಗ ಚಿಕ್ಕಮ್ಮ ವಾರ್ಡ್ ಹೊರಗಿನ ಬೆಂಚಲ್ಲಿ ಗೋಡೆಗೆ ತಲೆ ಆನಿಸಿ ನಿದ್ದೆ ಹೊಡೀತಿದ್ರು, ಆಗ ಗೊತ್ತಾಗಿದ್ದು.

ಆವತ್ತು ಬಿಲ್ ಮಾಡ್ತಾ ಕೂತಾಗ ತಲೇಲಿ ಒಂದು ಹುಳ ಹೊಕ್ಕಿತು. ಆ ರಾತ್ರಿ ಆ ಒಂದು ಮಗು ಹೊರಗೆ ಬರೋಕೆ ಎಷ್ಟು ಜನ ಎದ್ದಿದ್ರು, ಅವರ ಸಂಬಳ ಯಾವ ಯಾವ ದಾರೀಲಿ ಬರುತ್ತೆ ಅಂತ. ಪರ್ಮನೆಂಟ್ ಲೇಡಿ ಡಾಕ್ಟ್ರು, ಅರಿವಳಿಕೆ ಡಾಕ್ಟ್ರು, ಪರ್ಮನೆಂಟ್ ಸಿಸ್ಟರ್ರು, ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಮಿಷನ್) ಗುತ್ತಿಗೆ ಸಿಸ್ಟರ್ರು, ಹೊರಗುತ್ತಿಗೆ ಆಯಮ್ಮ, ಆಮೇಲೆ ಚಿಕ್ಕಮ್ಮ. ಆರು ಜನ, ಆರು ಥರ. ಇದರಲ್ಲಿ ಸಂಬಳದ ಬಿಲ್ ಮಾಡೋ ನನ್ನ ಎಚ್‌ಆರ್‌ಎಂಎಸ್ ಲಾಗಿನ್ನಲ್ಲಿ ಕಾಣೋದು ಬರೀ ಇಬ್ಬರು.

ಆ ಇಬ್ಬರದ್ದೇ ಮೊದಲು ಹೇಳ್ತೀನಿ, ಯಾಕಂದ್ರೆ ಅದು ನನ್ನ ಅನ್ನ.

ಪರ್ಮನೆಂಟ್ ನೌಕರರ ಬೇಸಿಕ್ ಯಾರೋ ಸಾಹೇಬರು ಮನಸ್ಸಿಗೆ ಬಂದಂಗೆ ಬರೆಯೋದಲ್ಲ. ಐದಾರು ವರ್ಷಕ್ಕೊಂದು ವೇತನ ಆಯೋಗ ಕೂರುತ್ತೆ, ಈ ಸಲದ್ದು ಏಳನೇದು, ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ್ ರಾವ್ ಅವರದ್ದು, 2022ರ ನವೆಂಬರಲ್ಲಿ ಮಾಡಿದ್ದು, 2024ರ ಮಾರ್ಚಲ್ಲಿ ವರದಿ ಕೊಟ್ರು. ಹಳೇ ಬೇಸಿಕ್ಕಿಗೆ ಶೇ 31 ಡಿಎ (ತುಟ್ಟಿಭತ್ಯೆ) ಸೇರಿಸಿ, ಮೇಲೆ ಶೇ 27.5 ಫಿಟ್‌ಮೆಂಟ್ ಅಂತ ಏರಿಕೆ ಹಾಕಿದ್ರು, ಒಟ್ಟು 58.5. ಹಂಗಾಗಿ 17,000 ಇದ್ದ ಕನಿಷ್ಠ ಮೂಲ ವೇತನ 26,945 ಆಗಿ, ರೌಂಡ್ ಮಾಡಿ 27,000. ಮೇಲ್ತುದಿ 1,50,600 ಇದ್ದಿದ್ದು 2,41,200. ಇದನ್ನ ಒಂದು ಸಲ ನಿಧಾನಕ್ಕೆ ಓದಿ. ಎಲ್ಲರಿಗೂ ಒಂದೇ ಶೇಕಡಾ ಅಂತ ನಾವೆಲ್ಲಾ ಸಿಹಿ ಹಂಚಿದ್ವಿ, ಆದ್ರೆ ಕೆಳಗಿನೋನ ಬೇಸಿಕ್ ಏರಿದ್ದು ಹತ್ತು ಸಾವಿರ, ಮೇಲಿನೋರದ್ದು ತೊಂಬತ್ತು ಸಾವಿರದ ಆರುನೂರು. ಏಣಿ ಇದ್ದಂಗೇ ಇದೆ, ಏಣೀನ ಎತ್ತಿ ಮಹಡಿ ಮೇಲೆ ಇಟ್ರು ಅಷ್ಟೆ.

ಈ ಏಣೀಲಿ ಯಾರು ಯಾವ ಮೆಟ್ಟಿಲು ಅನ್ನೋದು ಕೆಲಸದ ಕಷ್ಟ ನೋಡಿ ಮಾಡಿದ್ದು ಅಂತ ಹೊರಗಿನೋರು ಅಂದ್ಕೊಂಡಿರ್ತಾರೆ. ಅಲ್ಲ. ಸೇರೋಕೆ ಏನು ಓದಿರಬೇಕು, ನೇಮಕಾತಿ ಹೇಗೆ, ಗ್ರೂಪ್ ಎ-ಬಿ-ಸಿ-ಡಿ ಯಾವುದು, ಬೇರೆ ಇಲಾಖೇಲಿ ಅದೇ ಓದಿಗೆ ಏನು ಶ್ರೇಣಿ ಇದೆ, ಹೋದ ಆಯೋಗದಲ್ಲಿ ಎಲ್ಲಿದ್ರು, ಇದೇ ನೋಡೋದು. ರಾತ್ರಿ ಮೂರು ಗಂಟೇಲಿ ಕೈಗೆ ರಕ್ತ ಅಂಟುತ್ತಾ ಇಲ್ವಾ ಅನ್ನೋದಕ್ಕೆ ಒಂದು ಕಾಲಂ ಇಲ್ಲ. ಒಬ್ಬರ ಶ್ರೇಣಿ ಎತ್ತಿದ್ರೆ ಪಕ್ಕದ ಮೆಟ್ಟಿಲಿನೋರು ನಮಗೂ ಅಂತಾರೆ, ನರ್ಸಿಗೆ ಕೊಟ್ರೆ ಫಾರ್ಮಸಿ, ಫಾರ್ಮಸಿಗೆ ಕೊಟ್ರೆ ಲ್ಯಾಬು, ಲ್ಯಾಬಿಗೆ ಕೊಟ್ರೆ ಎಕ್ಸ್‌ರೇ, ಹಂಗಾಗಿ ಆಯೋಗಕ್ಕೂ ಸುಲಭ ಯಾವುದಂದ್ರೆ ಎಲ್ಲರನ್ನೂ ಇದ್ದಲ್ಲೇ ಇಟ್ಟು ಗುಣಿಸೋದು.

ಅದಲ್ದೆ ಅದೇ ಕೆಲಸಕ್ಕೆ ಕೇಂದ್ರದ ಏಣಿ ಬೇರೆ, ರಾಜ್ಯದ್ದು ಬೇರೆ. ಕೇಂದ್ರದ ಆಸ್ಪತ್ರೇಲಿ ನರ್ಸಿಂಗ್ ಆಫೀಸರ್ ಲೆವೆಲ್ 7ಕ್ಕೆ ಸೇರ್ತಾರೆ, ಶುರುನೇ 44,900 ಬೇಸಿಕ್ಕು, ಮೇಲೆ ಅವರ ಡಿಎ. ಅಲ್ಲಿ ಡಾಕ್ಟ್ರಿಗೆ ಹೊರಗೆ ಪ್ರಾಕ್ಟೀಸ್ ಮಾಡಬಾರದು ಅಂತ ಬೇಸಿಕ್ಕಿನ ಶೇ 20 ಎನ್‌ಪಿಎ ಬೇರೆ ಕೊಡ್ತಾರೆ. ನಮ್ಮ ರಾಜ್ಯದಲ್ಲಿ ಕೇಂದ್ರ ಡಿಎ ಒಂದು ಪರ್ಸೆಂಟ್ ಏರಿದ್ರೆ ನಮಗೆ 0.722 ಲೆಕ್ಕ. 2025ರಲ್ಲಿ 12.25 ಇದ್ದಿದ್ದು ಜುಲೈಯಿಂದ 14.25 ಆಯ್ತು, ಆದೇಶ ಬಂದ ದಿನ ಆಫೀಸಲ್ಲಿ ಯಾರಿಗೂ ಕೆಲಸ ಮಾಡೋ ಮನಸ್ಸಿರಲಿಲ್ಲ. ಮನೆ ಬಾಡಿಗೆ ಭತ್ಯೆನೂ ಹಾಗೇ, ಬೆಂಗಳೂರಲ್ಲಿ ಇದ್ರೆ ಶೇ 20, ನಮ್ಮ ಕಡೆ 7.5. ಸರಿ, ಬೆಂಗಳೂರು ಬಾಡಿಗೆ ಜಾಸ್ತಿನೇ, ಒಪ್ದೆ. ಆದ್ರೆ ಆನೆ ಓಡಾಡೋ ಊರಿನ ಪಿಎಚ್‌ಸಿಗೆ ಒಬ್ಬ ಡಾಕ್ಟ್ರು ಬಂದು ಉಳೀಬೇಕಂದ್ರೆ ಈ ಲೆಕ್ಕ ಅವರನ್ನ ಎಳೆಯೋದು ಬೆಂಗಳೂರ ಕಡೆಗೇ ಹೊರತು ಇಲ್ಲಿಗಲ್ಲ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋದ್ರೆ ನಮ್ಮ ಹಳೇ ಸೀನಿಯರ್ ಸಿಸ್ಟರ್ರು ನನ್ನ ಕ್ಷಮಿಸಲ್ಲ. ಏಳನೇ ಆಯೋಗ ಲೆಕ್ಕದಲ್ಲಿ ಜಾರಿ ಆಗಿದ್ದು 2022ರ ಜುಲೈ 1ರಿಂದ, ಆದ್ರೆ ದುಡ್ಡು ಕೈಗೆ ಬಂದಿದ್ದು 2024ರ ಆಗಸ್ಟ್ 1ರಿಂದ. ನಡುವೆ ಇಪ್ಪತ್ತೈದು ತಿಂಗಳು ಕಾಗದದ ಮೇಲೆ ಮಾತ್ರ. 2023ರ ಮಾರ್ಚ್ 1ಕ್ಕೆ ಎಲ್ಲರೂ ಮುಷ್ಕರ ಹೂಡಿ, ಅವತ್ತೇ ಶೇ 17 ಮಧ್ಯಂತರ ಪರಿಹಾರದ ಆದೇಶ ಬಂತು, ಅದೊಂದು ಉಸಿರು. ನಮ್ಮ ಆ ಸೀನಿಯರ್ ಸಿಸ್ಟರ್ರು ಈ ಇಪ್ಪತ್ತೈದು ತಿಂಗಳ ಮಧ್ಯೆ ರಿಟೈರ್ ಆದ್ರು, 2023ರಲ್ಲಿ. ಪಿಂಚಣಿ ಆಮೇಲೆ ಸರಿ ಆಯ್ತು, ಆದ್ರೆ ಗ್ರಾಚುಟಿ, ರಜೆ ನಗದೀಕರಣ ಎಲ್ಲಾ ಹಳೇ ಬೇಸಿಕ್ ಮೇಲೆ. ಮೂವತ್ತು ವರ್ಷಕ್ಕೂ ಮೇಲೆ ಹೆರಿಗೆ ಮಾಡಿಸಿದ ಕೈ. ಅವರಿಗಿಂತ ಒಂದು ವರ್ಷ ಚಿಕ್ಕೋರು 2024ರ ಸೆಪ್ಟೆಂಬರಲ್ಲಿ ರಿಟೈರ್ ಆಗಿ ಲಕ್ಷಗಟ್ಟಲೆ ಜಾಸ್ತಿ ತಗೊಂಡು ಹೋದ್ರು. ತಪ್ಪು ಇವರದ್ದಲ್ಲ, ಹುಟ್ಟಿದ ದಿನಾಂಕದ್ದು. ಆಫೀಸಿಗೆ ಬಂದಾಗೆಲ್ಲಾ "ನನ್ನ ಫೈಲು ಏನಾಯ್ತಮ್ಮ" ಅಂತ ಕೇಳ್ತಾರೆ, ನಾನು ಟೀ ತರಿಸ್ತೀನಿ, ಇನ್ನೇನು ಮಾಡ್ಲಿ.

ಇನ್ನು ಎನ್‌ಎಚ್‌ಎಂ ಸಿಸ್ಟರ್ರು. ಪರ್ಮನೆಂಟ್ ಸಿಸ್ಟರ್ ಪಕ್ಕದಲ್ಲೇ ನಿಂತಿರ್ತಾರೆ, ಅದೇ ಜಿಎನ್‌ಎಂ ನರ್ಸಿಂಗ್ ಓದು, ಹೆರಿಗೆ ಹೇಗೆ ಸಾಗ್ತಿದೆ ಅಂತ ಬರೆಯೋ ಅದೇ ಪಾರ್ಟೋಗ್ರಾಫ್ ಚಾರ್ಟು ತುಂಬೋದು, ಅದೇ ನೈಟ್ ಡ್ಯೂಟಿ, ಅದೇ ಬೈಗುಳ. ಇವರ ಸಂಬಳಕ್ಕೆ ಏಣಿ ಇಲ್ಲ, ಒಂದು ಸಾಲು ಇದೆ, ರಾಜ್ಯದಿಂದ ದೆಹಲಿಗೆ ಹೋಗೋ ಪಿಐಪಿ ಅನ್ನೋ ಯೋಜನೆ ಪುಸ್ತಕದಲ್ಲಿ ಒಂದು ಸಾಲು. ಕೇಂದ್ರದ್ದು ಅರವತ್ತು, ರಾಜ್ಯದ್ದು ನಲವತ್ತು ಪಾಲು. ಸ್ಟಾಫ್ ನರ್ಸ್ ಇಷ್ಟು ಹುದ್ದೆ, ತಿಂಗಳಿಗೆ ಇಷ್ಟು, ಗುಣಿಸು ಹನ್ನೆರಡು. ಅಲ್ಲಿ ಡಿಎ ಇಲ್ಲ, ಮನೆ ಬಾಡಿಗೆ ಭತ್ಯೆ ಇಲ್ಲ. ಪರ್ಮನೆಂಟ್ ಇರೋ ನಮ್ಮಂಥೋರಿಗೆ ಹತ್ತು ವರ್ಷಕ್ಕೆ ಕಾಲಬದ್ಧ ಮುಂಬಡ್ತಿ, ಹದಿನೈದಕ್ಕೆ ಮತ್ತೊಂದು, ಇಪ್ಪತ್ತಕ್ಕೆ ಮತ್ತೊಂದು ಅಂತ ಬರ್ತಾ ಇರುತ್ತೆ, ಇವರಿಗೆ ಹತ್ತು ವರ್ಷ ಆದ್ರೂ ಏಪ್ರಿಲ್ ಬಂದ್ರೆ ಹೊಸ ಆದೇಶ ಬರುತ್ತೋ ಇಲ್ವೋ ಅನ್ನೋದೇ ಚಿಂತೆ. 2023ರ ಫೆಬ್ರವರಿಲಿ ಬೆಂಗಳೂರಿಗೆ ಹೋಗಿ ಧರಣಿ ಕೂತ್ರು, ಖಾಯಂ ಮಾಡಿ ಅಂತ. ಖಾಯಂ ಆಗಲಿಲ್ಲ, ಶೇ 15 ಜಾಸ್ತಿ ಆಯ್ತು. ನಮ್ಮ ವಾರ್ಡಿನ ಹುಡುಗಿ ಅವತ್ತು ಕೇಳಿದ್ದು, "ಅಕ್ಕಾ, ಹದಿನೈದು ಪರ್ಸೆಂಟ್ ಯಾವುದರ ಮೇಲೆ, ಇವತ್ತಿನ ಸಂಬಳದ ಮೇಲಾ ಅಥವಾ ಸೇರಿದಾಗಿನದ್ದರ ಮೇಲಾ?" ಅವಳ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ, ಪರ್ಸೆಂಟ್ ಅಂದ ತಕ್ಷಣ ಮೊದಲು ಕೇಳಬೇಕಾಗಿದ್ದೇ ಅದು.

ಒಂದೇ ಕೆಲಸಕ್ಕೆ ಒಂದೇ ಸಂಬಳ ಅನ್ನೋ ಮಾತು ಕಾನೂನಲ್ಲಿ ಇಲ್ವಾ ಅಂತ ಕೇಳಬಹುದು. ಇದೆ. 2016ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಜಗಜಿತ್ ಸಿಂಗ್ ಕೇಸಲ್ಲಿ ತಾತ್ಕಾಲಿಕ ನೌಕರರು ಅದೇ ಕೆಲಸ ಮಾಡ್ತಿದ್ರೆ ಆ ಶ್ರೇಣಿಯ ಕನಿಷ್ಠ ವೇತನ ಕೊಡಬೇಕು ಅಂತು. ಆದ್ರೆ ಅದಕ್ಕೆ ಹತ್ತು ವರ್ಷ ಮೊದಲು, 2006ರ ಏಪ್ರಿಲ್ 10ಕ್ಕೆ, ನಮ್ಮ ಕರ್ನಾಟಕದ್ದೇ ಉಮಾದೇವಿ ಕೇಸಲ್ಲಿ ಐದು ಜಡ್ಜ್‌ಗಳ ಪೀಠ ಹಿಂಬಾಗಿಲಿಂದ ಬಂದೋರನ್ನ ಖಾಯಂ ಮಾಡೋಕಾಗಲ್ಲ ಅಂದಿತ್ತು. ಆ ಕೇಸಿನ ಮೂಲ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯೋರು, ಪಾಪ ಅವರು ತೆರಿಗೆ ಆಫೀಸಲ್ಲಿ ಶುರು ಮಾಡಿದ ಜಗಳ ಇವತ್ತಿಗೂ ನಮ್ಮ ಹೆರಿಗೆ ವಾರ್ಡಿನ ತನಕ ಬರುತ್ತೆ, ಯಾವ ಅರ್ಜಿ ಕೊಟ್ರೂ ಮೇಲಿನಿಂದ ಬರೋ ಹಿಂಬರಹದಲ್ಲಿ ಉಮಾದೇವಿ ಇದ್ದೇ ಇರ್ತಾರೆ. 2024ರ ಡಿಸೆಂಬರಲ್ಲಿ ಜಗ್ಗೋ ಅನ್ನೋ ಕೇಸಲ್ಲಿ ಕೋರ್ಟೇ, ವರ್ಷಗಟ್ಟಲೆ ದುಡಿಸ್ಕೊಂಡು ಆಮೇಲೆ ಉಮಾದೇವಿ ತೀರ್ಪನ್ನ ಗುರಾಣಿ ಮಾಡ್ಕೋಬೇಡಿ ಅನ್ನೋ ಅರ್ಥದಲ್ಲಿ ಹೇಳಿದೆ. ಅದು ನಮ್ಮ ಹಿಂಬರಹಕ್ಕೆ ಇನ್ನೂ ಬಂದು ಮುಟ್ಟಿಲ್ಲ. ಮತ್ತೆ ಸಮಾನ ಕೆಲಸ ಅಂದ್ರೇನು ಅಂತನೂ ಕೋರ್ಟೇ ಅಳೀಬೇಕು, 2023ರ ಏಪ್ರಿಲಲ್ಲಿ ಗುಜರಾತಿನ ಆಯುರ್ವೇದ ಡಾಕ್ಟ್ರುಗಳ ಕೇಸಲ್ಲಿ ಅವರ ಕೆಲಸ ಎಂಬಿಬಿಎಸ್‌ನೋರ ಕೆಲಸಕ್ಕೆ ಸಮ ಅಲ್ಲ, ಸಂಬಳನೂ ಸಮ ಬೇಕಿಲ್ಲ ಅಂತ ಹೇಳಿದ್ರು.

ಆಯಮ್ಮನ ಕಥೆ ಚಿಕ್ಕದು. ಗ್ರೂಪ್ ಡಿ ಹುದ್ದೆ ಖಾಲಿ ಆದ ಹಾಗೆ ಆ ಕೆಲಸಕ್ಕೆ ಟೆಂಡರ್ ಮೇಲೆ ಏಜೆನ್ಸಿ. ಅವರಿಗೆ ಅನ್ವಯ ಆಗೋದು ವೇತನ ಆಯೋಗ ಅಲ್ಲ, ಕಾರ್ಮಿಕ ಇಲಾಖೆಯ ಕನಿಷ್ಠ ಕೂಲಿ, ಏಪ್ರಿಲಿಗೊಮ್ಮೆ ಬೆಲೆ ಸೂಚ್ಯಂಕ ನೋಡ್ಕೊಂಡು ಒಂಚೂರು ತುಟ್ಟಿಭತ್ಯೆ. ದುಡ್ಡು ಆಸ್ಪತ್ರೆಯಿಂದ ಏಜೆನ್ಸಿಗೆ, ಏಜೆನ್ಸಿಯಿಂದ ಅವರಿಗೆ. ಒಂದು ಸಲ ಮೂರು ತಿಂಗಳು ಬರಲಿಲ್ಲ. ನಾವು ಬಿಲ್ ಪಾಸ್ ಮಾಡಿಲ್ಲ ಅಂತ ಏಜೆನ್ಸಿಯೋರು, ಪಿಎಫ್ ಕಟ್ಟಿರೋ ಚಲನ್ ಕೊಡಿ ಆಮೇಲೆ ಬಿಲ್ಲು ಅಂತ ನಾವು. ನಡುವೆ ಆಯಮ್ಮ ನನ್ನ ಟೇಬಲ್ ಮುಂದೆ ಬಂದು ನಿಂತು, ಏನೂ ಕೇಳದೆ, ಕಸದ ಬುಟ್ಟಿ ತಗೊಂಡು ಹೋದ್ರು. ನಾನು ಮಾಡಿದ್ದು ರೂಲ್ಸ್ ಪ್ರಕಾರ ಸರಿ. ಆವತ್ತು ಊಟ ಸೇರಲಿಲ್ಲ.

ಅರಿವಳಿಕೆ ಡಾಕ್ಟ್ರು ಇದಕ್ಕೆಲ್ಲಾ ಉಲ್ಟಾ. ತಜ್ಞರು ಹಳ್ಳಿ ಕಡೆ ಬರಲ್ಲ ಅಂತ ಎನ್‌ಎಚ್‌ಎಂನಲ್ಲಿ ಒಂದು ದಾರಿ ಮಾಡಿದಾರೆ, ಅದರ ಹೆಸರೇ ಯು ಕೋಟ್ ವಿ ಪೇ. ಅಂದ್ರೆ ನಿಮಗೆಷ್ಟು ಬೇಕು ನೀವೇ ಹೇಳಿ, ನಾವು ಕೊಡ್ತೀವಿ. ಕೇಸಿಗಿಷ್ಟು ಅಂತ ಹೊರಗಿನಿಂದ ಕರೆಸೋದೂ ಇದೆ. ಇದನ್ನ ತಪ್ಪು ಅಂತ ನಾನು ಹೇಳಲ್ಲ, ಆ ರಾತ್ರಿ ಆ ಡಾಕ್ಟ್ರು ಕಾರು ಹತ್ತಿ ಬರದೆ ಇದ್ದಿದ್ರೆ ಹುಡುಗೀನ ಹಾಸನದ ದೊಡ್ಡಾಸ್ಪತ್ರೆ ಹಿಮ್ಸ್‌ಗೆ ಕಳಿಸಬೇಕಿತ್ತು, ಆ ರಸ್ತೇಲಿ, ಆ ಹೊತ್ತಲ್ಲಿ. ಆದ್ರೆ ನೋಡಿ, ಅದೇ ಮಿಷನ್ನು, ಅದೇ ಬಜೆಟ್ ಪುಸ್ತಕ. ಒಂದು ಪುಟದಲ್ಲಿ ನಿಮ್ಮ ರೇಟ್ ನೀವೇ ಹೇಳಿ ಅಂತ ಇದೆ, ಇನ್ನೊಂದು ಪುಟದಲ್ಲಿ ಚಿಕ್ಕಮ್ಮನ ರೇಟ್ ಕಾರ್ಡ್ ಇದೆ. ಸಿಗದೆ ಇರೋರಿಗೆ ಕೇಳಿದಷ್ಟು, ಹೇಗೂ ಬರೋರಿಗೆ ಕೊಟ್ಟಷ್ಟು. ನರ್ಸಿಂಗ್ ಓದಿದ ಹೆಣ್ಣುಮಕ್ಕಳು ನಮ್ಮ ಜಿಲ್ಲೇಲಿ ಬೇಕಾದಷ್ಟು ಇದಾರೆ, ಹತ್ತನೇ ಕ್ಲಾಸ್ ಓದಿದ ಸೊಸೆಯಂದ್ರು ಊರ ತುಂಬಾ ಇದಾರೆ, ಅದಕ್ಕೇ ಅವರನ್ನ ಯಾರೂ ನಿಮ್ಮ ರೇಟೆಷ್ಟು ಅಂತ ಕೇಳಿಲ್ಲ.

ಚಿಕ್ಕಮ್ಮನ ರೇಟ್ ಕಾರ್ಡ್ ಬಾಯಿಪಾಠ ನನಗೆ. ಹಳ್ಳಿ ಕಡೆ ಜನನಿ ಸುರಕ್ಷಾ ಅನ್ನೋ ಹೆರಿಗೆ ಯೋಜನೇಲಿ ಒಂದು ಗರ್ಭಿಣಿಗೆ 600 ರೂಪಾಯಿ, ಅದರಲ್ಲಿ 300 ಬಸಿರಿಯ ತಪಾಸಣೆ ಎಲ್ಲಾ ಮಾಡಿಸಿದ್ದಕ್ಕೆ, 300 ಆಸ್ಪತ್ರೆಗೆ ಕರ್ಕೊಂಡು ಬಂದು ಹೆರಿಗೆ ಮಾಡಿಸಿದ್ದಕ್ಕೆ. ಆಮೇಲೆ ಬಾಣಂತಿ ಮಗು ನೋಡೋಕೆ ಮನೆಗೆ ಹೋಗಬೇಕು, ಮೂರನೇ ದಿನ, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡು, ಒಟ್ಟು ಆರು ಸಲಕ್ಕೆ 250. ಭಾಗಿಸಿದ್ರೆ ಒಂದು ಸಲಕ್ಕೆ 41 ರೂಪಾಯಿ ಚಿಲ್ಲರೆ. ಲೈನ್ ಮನೆಗೆ ಹೋಗೋ ಆಟೋ ಒಂದು ಕಡೆಗೇ ಅದಕ್ಕಿಂತ ಜಾಸ್ತಿ ಕೇಳ್ತಾನೆ, ಹಂಗಾಗಿ ನಡೀತಾರೆ. ಇದರ ಮೇಲೆ ರಾಜ್ಯದ ಗೌರವಧನ 5,000. ಸಂಬಳ ಅನ್ನೋ ಪದ ಎಲ್ಲೂ ಇಲ್ಲ ಗಮನಿಸಿ, ಒಂದು ಕಡೆ ಪ್ರೋತ್ಸಾಹಧನ, ಒಂದು ಕಡೆ ಗೌರವಧನ. 2005ರಲ್ಲಿ ಆಶಾ ಯೋಜನೆ ಶುರು ಮಾಡಿದಾಗ್ಲೇ ಇವರು ಸ್ವಯಂಸೇವಕಿಯರು ಅಂತ ಬರೆದ್ರು, ಆ ಒಂದು ಪದದಿಂದ ಕನಿಷ್ಠ ಕೂಲಿನೂ ಇಲ್ಲ, ಪಿಎಫ್ಫೂ ಇಲ್ಲ. 2013ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನ ಇವರನ್ನ ಕಾರ್ಮಿಕರು ಅಂತ ಪರಿಗಣಿಸಿ ಅಂತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಡ್ತು. ಚಿಕ್ಕಮ್ಮನಿಗೆ ಪ್ರಶಸ್ತಿ ವಿಷಯ ಹೇಳಿದಾಗ "ಆಗ್ಲಿ ಬುಡು, ನಮ್ಗೂ ಒಂದ್ ಫೋಟೋ ಬಂದಂಗಾಯ್ತು" ಅಂತ ನಕ್ಕಿದ್ರು.

2025ರ ಜನವರಿಲಿ ಆಶಾಗಳ ಧರಣಿಗೆ ಚಿಕ್ಕಮ್ಮನೂ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿದ್ರು. ರೊಟ್ಟಿ ಚಟ್ನಿಪುಡಿ ಕಟ್ಕೊಂಡು, ನನ್ನ ಹಳೇ ಸ್ವೆಟರ್ ಹಾಕ್ಕೊಂಡು. ನಾಲ್ಕನೇ ದಿನಕ್ಕೆ ಮುಖ್ಯಮಂತ್ರಿಗಳು ಏಪ್ರಿಲಿಂದ ಎಲ್ಲಾ ಸೇರಿ ತಿಂಗಳಿಗೆ ಕನಿಷ್ಠ 10,000 ಸಿಗೋ ಹಾಗೆ ಮಾಡ್ತೀವಿ ಅಂದ್ರು, ಇವರು ಎದ್ದು ಬಂದ್ರು. ಅದೇ ವರ್ಷ ಆಗಸ್ಟಲ್ಲಿ ಮತ್ತೆ ಹೋಗಿ ಕೂರಬೇಕಾಯ್ತು, ಅದೇ ಮಾತನ್ನ ನೆನಪಿಸೋಕೆ. ಆ ಸಲ ಸ್ವೆಟರ್ ಬದಲು ಕೊಡೆ.

ಈಗ ಅಸ್ಸಾಂ ಹುಡುಗಿ ವಿಷಯಕ್ಕೆ ಬರ್ತೀನಿ. ದುಡ್ಡು ಯಾಕೆ ಬಂದಿಲ್ಲ ಅಂದ್ರೆ, ಕರ್ನಾಟಕ ಹೆರಿಗೆ ವಿಷಯದಲ್ಲಿ ಮುಂದಿರೋ ರಾಜ್ಯ. ನಿಜವಾಗ್ಲೂ ಅದೇ ಕಾರಣ. ಜನನಿ ಸುರಕ್ಷಾದಲ್ಲಿ ರಾಜ್ಯಗಳನ್ನ ಎರಡು ಮಾಡಿದಾರೆ, ಆಸ್ಪತ್ರೆ ಹೆರಿಗೆ ಕಮ್ಮಿ ಇದ್ದ ರಾಜ್ಯಗಳು ಒಂದು ಗುಂಪು, ಉಳಿದವು ಒಂದು. ಕಮ್ಮಿ ಇದ್ದ ಗುಂಪಲ್ಲಿ ಸರ್ಕಾರಿ ಆಸ್ಪತ್ರೇಲಿ ಹೆತ್ತ ಎಲ್ಲರಿಗೂ ಕೊಡ್ತಾರೆ, ನಮ್ಮ ಗುಂಪಲ್ಲಿ ಬಿಪಿಎಲ್ ಅಥವಾ ಎಸ್‌ಸಿ ಎಸ್‌ಟಿ ಆಗಿರಬೇಕು, ಕಾಗದ ತೋರಿಸಬೇಕು. ಅಸ್ಸಾಂ ಆ ಕಮ್ಮಿ ಗುಂಪಲ್ಲಿದೆ. ಅಂದ್ರೆ ಈ ಹುಡುಗಿ ತನ್ನ ಊರಲ್ಲೇ ಹೆತ್ತಿದ್ರೆ ಅಲ್ಲಿನ ಆಶಾಗೆ ಯಾರೂ ಕಾರ್ಡ್ ಕೇಳ್ತಿರಲಿಲ್ಲ. ಇಲ್ಲಿ ನಮ್ಮ ಕಾಫಿ ಕೊಯ್ಯೋಕೆ ಬಂದು ಹೆತ್ತಳು, ರೇಷನ್ ಕಾರ್ಡ್ ಊರಲ್ಲಿದೆ, ಅದು ಬಿಪಿಎಲ್ಲೋ ಅಲ್ವೋ ಅವಳಿಗೇ ಗೊತ್ತಿಲ್ಲ. ಐದನೇ ತಿಂಗಳ ತನಕ ಊರಲ್ಲೇ ಇದ್ದಳಂತೆ, ಹಂಗಾಗಿ ಮೊದಲ ತಪಾಸಣೆ ಎಂಟ್ರಿನೂ ಅಲ್ಲಿದೆ, ಆ ನಂಬರ್ ಇಲ್ಲದೆ ಇಲ್ಲಿ ಪೋರ್ಟಲ್ಲು ಮುಂದಕ್ಕೆ ಹೋಗಲ್ಲ.

ನಾನು ಡೈರಿ ತಿರುವಿ ನೋಡ್ದೆ. ಆ ದಿನದ ಪುಟದಲ್ಲಿ ಚಿಕ್ಕಮ್ಮ ಪೆನ್ಸಿಲಲ್ಲಿ ಬರೆದಿದ್ರು: ರಾತ್ರಿ 11ಕ್ಕೆ ಫೋನು. ಆನೆ. 1.30 ಆಸ್ಪತ್ರೆ. 3.10 ಗಂಡು 2.6. ಮಧ್ಯಾಹ್ನ 12ಕ್ಕೆ ಮನೆ. ಕೆಳಗೆ ಸಣ್ಣಕ್ಕೆ, ಬನ್ನು ಟೀ 40, ವಾಪಸ್ ಆಟೋ 120. ಹದಿಮೂರು ಗಂಟೆ, ಬಂದ್ರೆ ಮುನ್ನೂರು, ಅದರಲ್ಲಿ ಖರ್ಚು ಕಳೆದು ನೂರಾ ನಲವತ್ತು. ಬಂದ್ರೆ.

"ಬುಟ್ಬುಡೋಣ್ವ ಇದನ್ನ?" ಅಂದೆ.

"ಯಾಕ್ ಬುಡೋದು. ಮಾಡಿರಾದ್ ನಾನೇ ತಾನೇ" ಅಂತ ಡೈರಿ ಕಿತ್ಕೊಂಡ್ರು.

ಅವರು ಹೊರಟ ಮೇಲೆ ನನ್ನ ಫೋನಿಗೆ ಹುಡುಗಿ ಗಂಡನ ನಂಬರ್ ಕಳಿಸಿದ್ರು, ನಿಂಗೆ ಹಿಂದಿ ಬರ್ತದಲ್ಲ ಮಾತಾಡು ಅಂತ. ಮಾತಾಡ್ದೆ. ಊರಲ್ಲಿ ಅವನ ಅಣ್ಣ ಇದಾನಂತೆ, ರೇಷನ್ ಕಾರ್ಡಿಂದೂ ಅಲ್ಲಿನ ತಾಯಿ ಕಾರ್ಡಿಂದೂ ಫೋಟೋ ತೆಗೆದು ವಾಟ್ಸಾಪ್ ಮಾಡ್ತಾನಂತೆ. ಮೂರು ದಿನ ಆಯ್ತು. ಇವತ್ತು ಬೆಳಿಗ್ಗೆ ಒಂದು ಫೋಟೋ ಬಂದಿದೆ, ಬೆರಳು ಅಡ್ಡ ಬಂದು ಕೊನೇ ನಾಲ್ಕು ನಂಬರ್ ಕಾಣ್ತಿಲ್ಲ, ಇನ್ನೊಂದು ಸಲ ತೆಗೆಯೋಕೆ ಹೇಳಿದೀನಿ.